ಬಾಟಲಿಯಲ್ಲಿ ಏನೂ ಕಾಣಲಿಲ್ಲ

"ಇದು ಖಾಲಿ ಇದೆ."

ಕಿರುಬೆರಳಷ್ಟಿದ್ದ ಗಾಜಿನ ಬಾಟಲಿಯನ್ನು ಆ ಸಂಶೋಧಕಿ ಪ್ರಯೋಗಾಲಯದ ಸ್ಟೋರಿನ ಕಿಟಕಿಯಲ್ಲಿಟ್ಟಳು. ಮೂರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ್ದ ಸ್ಟೋರ್‌ಕೀಪರ್ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಖಾಲಿ ಅಲ್ಲ. ಇದೆ."

"ಎಲ್ಲಿ? ತೋರಿಸಿ."

"ತೋರಿಸೋಕಾಗಲ್ಲ. ಆದ್ರೆ ಇದೆ."

ಇಂಥ ಉತ್ತರ ಕೇಳಿದರೆ ಯಾರಿಗೆ ತಾನೇ ಅನುಮಾನ ಬಾರದು? ಅದರಲ್ಲೂ ಇವಳಿಗೆ! ಜೊತೆಯವರು ಇವಳಿಗಿಟ್ಟ ಹೆಸರೇ 'ಪತ್ತೇದಾರಿ'. ಹಾಗೆಂದು ಹುಟ್ಟುತ್ತಲೇ ಹೀಗಿರಲಿಲ್ಲ ಪಾಪ. ಹಿಂದಿನ ಕೆಲಸದಲ್ಲಿ ಜೀವದ ಗೆಳತಿಯೇ ಇವಳ ಎರಡು ವರ್ಷದ ದುಡಿಮೆಯನ್ನು ತನ್ನದೆಂದು ಒಪ್ಪಿಸಿಬಿಟ್ಟಿದ್ದಳು.

ಬಾಟಲಿಯಲ್ಲಿ ಇರಬೇಕಾಗಿದ್ದದ್ದು ಒಂದು ಗ್ರಾಹಕ ಪ್ರೋಟೀನ್. ನಮ್ಮ ಮೈಯ ರೋಗನಿರೋಧಕ ಕೋಶಗಳು ಹೊರಗಿನ ಸುದ್ದಿ ಕೇಳಿಸಿಕೊಳ್ಳುವುದು ಇಂಥವುಗಳಿಂದಲೇ. ಮನುಷ್ಯರ ಜೀನನ್ನು ಬೇರೆ ಕೋಶಗಳೊಳಗೆ ಸೇರಿಸಿ, ಅವುಗಳ ಕೈಯಲ್ಲಿ ಇದನ್ನು ಮಾಡಿಸಿ, ಒಣಗಿಸಿ ಕಳಿಸುತ್ತಾರೆ. ಆರು ವಾರ ಕಾದು ತರಿಸಿದ್ದಳು. ಹಿಂದಿನ ಬಾಟಲಿಯ ತಳದಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿನ ಪದರವಿತ್ತು. ಇದರಲ್ಲಿ ಬರೀ ಗಾಜು.

"ಬಫರ್ ದ್ರಾವಣ ಹಾಕಿ ಕರಗಿಸಿ ನೋಡಿ, ಗೊತ್ತಾಗುತ್ತೆ," ಎಂದ.

"ಕರಗಿಸಿದ್ಮೇಲೆ ಖಾಲಿ ಇತ್ತು ಅಂತ ಹೇಗೆ ತೋರಿಸ್ಲಿ? ಸಾಕ್ಷಿನೇ ಹೋಯ್ತಲ್ಲ."

ಅವನು ಅವಳ ಮುಖ ನೋಡಿದ. ಅವಳು ಕಣ್ಣು ತಪ್ಪಿಸಿದಳು. ಅವಳ ಅಳತೆಯ ಗ್ಲೌಸ್ ಮುಗಿಯುವ ಮೊದಲೇ ಹೊಸ ಡಬ್ಬ ಅವಳ ಮೇಜಿನ ಮೇಲಿರುತ್ತಿತ್ತು. ಇಟ್ಟವನು ಇವನೇ ಎಂದು ಗೊತ್ತಿತ್ತು, ಇಷ್ಟವೂ ಆಗಿತ್ತು.

'ಯಾರೂ ಸುಮ್ಮನೆ ಒಳ್ಳೆಯವರಾಗಿರಲ್ಲ... ನನ್ನ ಕಣ್ಣಿಗೆ ಮಣ್ಣೆರಚೋಕೇ ಇರಬೇಕು ಆ ಗ್ಲೌಸ್!'

ಪಾರ್ಸೆಲ್ ಬಿಚ್ಚಿದವನು ಅವನು. ಫ್ರೀಜರ್ ಕೀಲಿ ಅವನ ಹತ್ತಿರ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಧ್ಯಾಹ್ನದ ಹೊತ್ತಿಗೆ ಮುಖ್ಯಸ್ಥೆ ಮೇಡಂಗೂ ಪ್ರಯೋಗಾಲಯದ ಹದಿನೇಳು ಜನಕ್ಕೂ, ಪ್ರೋಟೀನ್ ಕದ್ದವನು ಅವನೇ ಎಂದು ಮೇಲ್ ಹೋಗಿಯಾಗಿತ್ತು.

ಮೇಡಂ ಕರೆಸಿದರು. "ನಾಳೆ ಅವನ ಪ್ರೊಬೇಷನ್ ಮುಗಿಯುತ್ತೆ. ನೀನು ಹೇಳಿದ್ದು ನಿಜ ಆದ್ರೆ ಕಳಿಸ್ಲೇಬೇಕು. ಖಾತ್ರಿ ತಾನೇ?"

"ಕಣ್ಣಾರೆ ನೋಡಿದ್ದೀನಿ ಮೇಡಂ."

ಸಂಜೆ ಫೋನಿನಲ್ಲಿ ಎಲ್ಲವನ್ನೂ ಕೇಳಿದ ಅಕ್ಕ, "ನೀನು ದಿನಾ ಬೈಯೋ ಹುಡುಗ ತಾನೇ ಅವನು?" ಎಂದಳು. "ಇಷ್ಟ ಇಲ್ಲದವರನ್ನ ಯಾರೂ ದಿನಾ ಬೈಯಲ್ಲ ಕಣೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಅದೇ ನಿನ್ನ ಕೆಲಸ ಅಲ್ವಾ?"

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದಳು. ಬಾಟಲಿಯ ಫೋಟೋವನ್ನು ನಾಲ್ಕೂ ಕಡೆಯಿಂದ ತೆಗೆದುಕೊಂಡಳು, ಪತ್ತೇದಾರಿ ಅಲ್ಲವೇ. ಆಮೇಲೆ ಬಫರ್ ಹಾಕಿ, ಅಲುಗಿಸದೆ ಕಾದು, ಒಂದು ಹನಿಯನ್ನು ಪ್ರೋಟೀನ್ ಅಳೆಯುವ ಯಂತ್ರಕ್ಕಿಟ್ಟಳು.

ಅಂಕಿ ಏರಿತು.

ಒರೆಸಿ ಮತ್ತೆ ಇಟ್ಟಳು, ಮತ್ತೂ ಒಮ್ಮೆ ಇಟ್ಟಳು. ಮೂರು ಸಲವೂ ಅದೇ ಅಂಕಿ. ಬರಬೇಕಾದಷ್ಟು ಪ್ರೋಟೀನ್ ಪೂರ್ತಿ ಇತ್ತು.

ಆರ್ಡರ್ ಫಾರಂ ಹುಡುಕಿದಳು. 'ಬೇರೆ ಪ್ರೋಟೀನ್ ಬೆರೆಸದಿರುವುದು ಬೇಕು.' ತನ್ನದೇ ಕೈಬರಹ! ಹಿಂದಿನ ಬಾಟಲಿಯ ಆ ಬಿಳಿ ಪದರ, ಕೆಡದಿರಲೆಂದು ಬೆರೆಸಿದ್ದ ಬೇರೆ ಪ್ರೋಟೀನು. ಅದರಿಂದಲೇ ಎರಡು ಪ್ರಯೋಗ ಕೆಟ್ಟಿದ್ದವು. ಅದನ್ನು ಬೆರೆಸದಿದ್ದರೆ, ಒಣಗಿದ ಚೂರೇ ಚೂರು ಪ್ರೋಟೀನ್ ಗಾಜಿಗೆ ಅಂಟಿಕೊಂಡು ಕಣ್ಣಿಗೇ ಕಾಣದು. ಅದು ಬೇಡವೆಂದು ಬರೆದವಳೇ, ಅದು ಕಾಣಲಿಲ್ಲವೆಂದು ಒಬ್ಬನನ್ನು ಕಳ್ಳನೆಂದಿದ್ದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಮಕ್ಕಳಿಗೂ ಗೊತ್ತು.

ಓಡಿದಳು. ಮೇಡಂ ಮೇಜಿನ ಮೇಲೆ ಕೀಲಿಗೊಂಚಲಿತ್ತು. ಅವನು ಬ್ಯಾಗ್ ಹಾಕಿಕೊಂಡು ನಿಂತಿದ್ದ.

"ತಪ್ಪು ನನ್ನದು ಮೇಡಂ. ಪ್ರೋಟೀನ್ ಇದೆ. ನನಗೆ ನೋಡೋಕೆ ಬರಲಿಲ್ಲ."

"ಹದಿನೇಳು ಜನಕ್ಕೆ ಕಳಿಸಿದ್ಯಲ್ಲ?"

"ಅಷ್ಟೂ ಜನಕ್ಕೆ ಈಗ ತಪ್ಪೊಪ್ಪಿಗೆ ಬರೆದೇ ಬಂದೆ."

ಮೇಡಂ ಕೀಲಿಗಳನ್ನು ಅವನತ್ತ ತಳ್ಳಿದರು. ಅವನು ತೆಗೆದುಕೊಂಡು ಹೊರಟ. ಅವಳು ಸ್ಟೋರಿನವರೆಗೂ ಹಿಂದೆಯೇ ನಡೆದಳು.

"ಫಾರಂ ನಿಮ್ಮ ಹತ್ರಾನೂ ಇತ್ತಲ್ಲ. ನಿನ್ನೆನೇ ಯಾಕೆ ತೋರಿಸಲಿಲ್ಲ?"

"ತೋರಿಸಿದ್ರೆ ಫಾರಂನ ನಂಬ್ತಿದ್ರಿ. ನನ್ನನ್ನ ನಂಬ್ತೀರಾ ಅಂತ ನೋಡ್ದೆ." ಅವನು ಗೊಂಚಲಿನಲ್ಲಿ ಸ್ಟೋರಿನ ಕೀಲಿ ಹುಡುಕಿದ. "ನಂಬಲಿಲ್ಲ."

ಅವಳ ಕಣ್ಣು ತುಂಬಿತು. ನಾಚಿಕೆಯಿಂದ ನೆಲ ನೋಡಿದಳು.

"ನೀವಂದ್ರೆ ನನಗಿಷ್ಟ," ಎಂದಳು ಮೆಲ್ಲಗೆ. "ಅದಕ್ಕೇ... ಮತ್ತೆ ಮೋಸ ಹೋಗ್ತೀನೇನೋ ಅಂತ ತುಂಬಾ ಭಯ ಆಯ್ತು. ಕೋಪ ಇದೆಯಾ?"

"ಇದೆ. ಬೇರೆ ಯಾರಾದ್ರೂ ಕಳ್ಳ ಅಂದಿದ್ರೆ ಇಷ್ಟು ಬರ್ತಿರಲಿಲ್ಲ."

ಆ ಮಾತು ಅರ್ಥವಾಗಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಅವನು ಬಾಗಿಲು ತೆರೆದು, ಒಳಗಿನ ಸ್ಟೂಲನ್ನು ಅವಳ ಕಡೆಗೆ ಎಳೆದಿದ್ದ.

"ಕೋಪ ಇಳಿಯೋಕೆ ಹೊತ್ತಾಗುತ್ತೆ," ಎಂದ.

"ಆಗ್ಲಿ," ಎಂದು ಕೂತಳು. "ನಾನು ಇಲ್ಲೇ ಇರ್ತೀನಿ."