ನಿಂಬೆ ಹಿಂಡಿದ ಲೋಟ

ಹಾಗಾದ್ರೆ ಇಷ್ಟು ದಿನ ಅಮ್ಮ ಕುಡಿದದ್ದು ಬರೀ ಬಣ್ಣದ ನೀರಾ...?

ಲೋಟ ಹಿಡಿದು ಅವಳು ಕಿಟಕಿಯ ಬೆಳಕಿಗೆ ಬಂದಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ದಿನಾ ನೇರಳೆ ಎಲೆಕೋಸು ಹೆಚ್ಚುವ ಕೈ ಅವಳದು. ನಿಂಬೆರಸ ಬಿದ್ದರೆ ಆ ನೇರಳೆ ಗುಲಾಬಿಗೆ ತಿರುಗಲೇಬೇಕು. ಅಮ್ಮ ಲೋಟದಲ್ಲಿ ಬಿಟ್ಟಿದ್ದ ಎರಡು ಗುಟುಕು ನೇರಳೆ ನೀರಿಗೆ ಅರ್ಧ ಹೋಳು ಹಿಂಡಿದ್ದಳು.

ಜಪ್ಪಯ್ಯ ಅಂದರೂ ಬಣ್ಣ ಬದಲಾಗಲಿಲ್ಲ!

ಕರೆಗಂಟೆ ಸದ್ದಾಯಿತು. ಮಂಗಳವಾರ. ಅವನೇ.

ಹಣ್ಣು ತರಕಾರಿಗಳ ಗಾಢ ಬಣ್ಣ ಮಿದುಳನ್ನು ಕಾಯಬಹುದೇ ಎಂದು ಹುಡುಕುವ ತಂಡದವನು. ಎರಡು ತಿಂಗಳಿಂದ ವಾರಕ್ಕೊಮ್ಮೆ ನೀರಿಗೆ ಬೆರೆಸುವ ನೇರಳೆ ಪುಡಿಯ ಪೊಟ್ಟಣಗಳನ್ನು ತರುತ್ತಿದ್ದ. ಮರೆವಿನ ಅಮ್ಮನಿಗೆ ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಎಷ್ಟು ನೆನಪಿದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದ.

"ಬಾರಪ್ಪಾ ಪುಡಿ ಡಾಕ್ಟ್ರೇ!" ಅಮ್ಮ ಅಂದರು.

"ನಾನು ಡಾಕ್ಟರ್ ಅಲ್ಲಮ್ಮಾ."

"ಆಗ್ತೀಯ ಬಿಡು, ಇನ್ನೂ ವಯಸ್ಸಿದೆ."

ಅವಳು ಲೋಟವನ್ನು ಅವನ ಮುಂದೆ ಕುಕ್ಕಿದಳು. "ನಿಂಬೆ ಹಿಂಡಿದ್ದೀನಿ. ನೋಡ್ರೀ!"

ಅವನ ಮುಖ ಬಿಳಿಚಿಕೊಂಡಿತು. "ಯಾರಿಗೆ ನಿಜವಾದ ಪುಡಿ, ಯಾರಿಗೆ ಬರೀ ಬಣ್ಣ ಅಂತ ನನಗೂ ಹೇಳಿರಲ್ಲ. ಮೊದಲ ದಿನವೇ..."

"ಹೇಳಿದ್ರಿ, ಸಹಿ ಹಾಕಿದೆ. ಆದ್ರೆ ಕಪ್ಪು ದ್ರಾಕ್ಷಿ ಅಂದ್ರೆ ಅಮ್ಮನಿಗೆ ಪ್ರಾಣ ಅಂತ ಗೊತ್ತಿದ್ದೂ ಕೊಡಬೇಡಿ ಅಂದ್ರಿ! ಲೆಕ್ಕ ಕೆಡುತ್ತೆ ಅಂದ್ರಿ! ನಿನ್ನೆ ಅಮ್ಮ ನನ್ನನ್ನೇ 'ಯಾರಮ್ಮಾ ನೀನು' ಅಂದ್ರು, ಗೊತ್ತಾ?"

ಏನಾದರೂ ಅನ್ನಲಿ... ಜಗಳವಾದರೂ ಆಡಲಿ...

"ಮುಂದಿನ ವಾರ ನಾನು ಬರಲ್ಲ. ಬೇರೆಯವರು ಬರ್ತಾರೆ," ಎಂದು ಎದ್ದುಹೋದ.

ಅಷ್ಟೇನಾ? ಹಾಗಾದರೆ ಕೆಲಸ ಮುಗಿದ ಮೇಲೂ ಕೂತು, ಅಮ್ಮನ ಒಂದೇ ಕಥೆಯನ್ನು ಹತ್ತು ಸಲ ಹೊಸದಾಗಿ ಕೇಳಿದ್ದು ಯಾಕೆ? ಅದೂ ಬಣ್ಣದ ನೀರೇನಾ?

ಮುಂದಿನ ಮಂಗಳವಾರ ಬಂದದ್ದು ತಂಡದ ಹಿರಿಯ ಮೇಡಂ.

"ಗುಟ್ಟು ನೀವೇ ಬಯಲು ಮಾಡಿಬಿಟ್ರಲ್ಲಮ್ಮಾ. ಇನ್ನು ನಿಮ್ಮ ತಾಯಿನ ಅಧ್ಯಯನದಿಂದ ಕೈಬಿಡಬೇಕು."

"ಅದಕ್ಕೇ ಅವರು ಓಡಿಹೋದ್ರಾ?"

"ಅವನಾ? ಈ ಮನೆಗೆ ಬೇರೆಯವರನ್ನ ಕಳಿಸಿ ಅಂತ ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದ. ನಾನೇ ತಡ ಮಾಡಿದೆ."

"ಯಾಕಂತೆ...?"

ಮೇಡಂ ನಕ್ಕರು. "'ತಾಯಿ ಎರಡು ಪದ ಹೇಳಿದರೆ ಮೂರು ಅಂತ ಬರೆಯೋಣ ಅನ್ನಿಸುತ್ತೆ. ಮಗಳು ಬಾಗಿಲಲ್ಲಿ ನಿಂತಿರುತ್ತಾಳೆ' ಅಂತ."

"ಮೂರು... ಬರೆದಿದ್ರಾ?"

"ಒಂದು ಸಲವೂ ಇಲ್ಲ."

ಸಂಜೆ ಅವಳೇ ಅವನಿಗೆ ಫೋನ್ ಮಾಡಿದಳು. ಅವನು ಬಂದ, ಕೈಯಲ್ಲಿ ಕಪ್ಪು ದ್ರಾಕ್ಷಿಯ ಪೊಟ್ಟಣ.

"ಈಗ ಲೆಕ್ಕ ಕೆಡಲ್ವಾ?"

"ಅಮ್ಮನ ಲೆಕ್ಕ ಈಗ ಯಾರೂ ಬರೆಯಲ್ಲ."

"ಹಾಗಾದ್ರೆ... ಮಂಗಳವಾರ ಬರ್ತೀರಾ?"

"ಬುಧವಾರಾನೂ ಬರಬಹುದಾ?"

ಅಮ್ಮ ಆಗಲೇ ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡಿದ್ದರು. "ಇವಳಿಗೂ ಕೊಡಪ್ಪಾ."

"ನಾನು ಯಾರಮ್ಮಾ?" ಅವಳು ಕೇಳಿದಳು.

ಅಮ್ಮ ಅವಳನ್ನು ನೋಡುತ್ತಲೇ ಇನ್ನೊಂದು ಹಣ್ಣು ಕಿತ್ತುಕೊಂಡರು. "ದ್ರಾಕ್ಷಿ ಕೊಡದೆ ಸತಾಯಿಸಿದವಳು!"

ನಗುತ್ತಲೇ ಅವಳ ಕಣ್ಣು ತುಂಬಿತು. ನೆನಪಾಯಿತೋ, ಸುಮ್ಮನೆ ಬಾಯಿಗೆ ಬಂತೋ...

"ಇದನ್ನ ತಿಂದ್ರೆ ನನ್ನ ನೆನಪು ಅಮ್ಮನಿಗೆ ಉಳಿಯುತ್ತಾ?"

"ಇನ್ನೂ ಯಾರಿಗೂ ಗೊತ್ತಿಲ್ಲ." ಅವನು ಮೆಲ್ಲಗೆ ಅವಳ ಕೈ ಹಿಡಿದ. "ನಾನಂತೂ ಇರ್ತೀನಿ."

ಅಮ್ಮ ಹುಷಾರಾಗುತ್ತಾರೆ ಎಂದು ಅವನು ಯಾವತ್ತೂ ಹೇಳಲಿಲ್ಲ.