ಮುದುಕಿಯ ಕಣ್ಣಲ್ಲಿ ಇದ್ದವರು

“ಚಿತ್ರ ಚೆನ್ನಾಗಿದೆ. ಆದ್ರೆ ಇದು ನಮ್ಮ ಮುದುಕಿ ಅಲ್ಲ,” ಅಂದ ಕನ್ನಡಕದಂಗಡಿಯವನು.

ಮುದುಕಿ ಅಂದರೆ ಅವನ ನಾಯಿ. ವಯಸ್ಸು ಹದಿಮೂರು. ಈ ಮಾತಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಬಾಗಿಲಲ್ಲಿ ಕಣ್ಣು ಮುಚ್ಚಿ ಬಿದ್ದುಕೊಂಡಿತ್ತು.

ಚಿತ್ರಗಾರ್ತಿಯ ಮುಖ ಸಪ್ಪಗಾಯಿತು. ಚಿಕ್ಕಮ್ಮನ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಮೇಜು ಹಾಕಿಕೊಂಡು, ‘ಸಾಕುಪ್ರಾಣಿಗಳ ಚಿತ್ರ ಬರೆದುಕೊಡಲಾಗುವುದು’ ಎಂಬ ಬೋರ್ಡು ತೂಗುಹಾಕಿ ಒಂದೂವರೆ ತಿಂಗಳಾಗಿತ್ತು. ಇವನೇ ಮೊದಲ ಗಿರಾಕಿ.

“ಮೊದಲ್ನೇ ಗಿರಾಕಿನೇ ವಾಪಸ್ ಬಂದ. ನಿನ್ನ ಕೈಗುಣ ದೊಡ್ಡದು ಕಣೇ,” ಎಂದಿತು ಮೆಷಿನ್ನಿನ ಹಿಂದಿನಿಂದ ಚಿಕ್ಕಮ್ಮನ ದನಿ.

“ಕಿವಿ ಸರಿ ಇಲ್ವಾ?” ಅವಳು ಅವನನ್ನು ಕೇಳಿದಳು.

“ಕಿವಿ ಸರಿ ಇದೆ.”

“ಮೂಗು?”

“ಮೂಗು ನೋಡಿದ್ರೆ ಮುದುಕಿ ಜಂಬ ಪಡುತ್ತೆ.” ನಗಲು ನೋಡಿದ, ಆಗಲಿಲ್ಲ. “ಕಣ್ಣು.”

ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು, ತಾನು ಕೊಟ್ಟಿದ್ದ ಫೋಟೋದ ಮೇಲಿಟ್ಟ. ಅವಳು ಬಗ್ಗಿದಳು. ನಾಯಿಯ ಕಣ್ಣ ಹೊಳಪಿನೊಳಗೆ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಳು. ಮುಖಕ್ಕೆ ಹಿಡಿದ ಕ್ಯಾಮೆರಾ, ಮುಂದಕ್ಕೆ ಜಾರಿದ ಜಡೆ.

“ನನ್ನ ಹೆಂಡತಿ. ತೀರಿಕೊಂಡು ಎರಡು ವರ್ಷ ಆಯ್ತು. ಮನೇಲಿರೋ ಫೋಟೋ ಎಲ್ಲಾ ಅವಳೇ ತೆಗೆದಿದ್ದು, ಅದಕ್ಕೇ ಅವಳು ಅದರಲ್ಲಿಲ್ಲ. ಮದುವೆ ಫೋಟೋ ಇದೆ. ಅದ್ರಲ್ಲಿ ಯಾರೋ ನಿಲ್ಲಿಸಿದ ಹಾಗೆ ನಿಂತಿದ್ದಾಳೆ. ಅವಳು ಅವಳ ಹಾಗೇ ಇರೋದು ಇದೊಂದ್ರಲ್ಲೇ.”

ಕಣ್ಣಿನ ಹೊಳಪಲ್ಲಿ ಕಸ ಕಂಡರೆ ಗುಡಿಸಿ, ಅಲ್ಲೊಂದು ಶುಭ್ರವಾದ ಬಿಳಿ ಚುಕ್ಕೆ ಇಡುವುದು ಚಿತ್ರಗಾರ್ತಿಯ ಅಭ್ಯಾಸ. ಆ ಕಸಕ್ಕಾಗಿಯೇ ಅವನು ಬಂದಿದ್ದ.

“ಮೊದಲೇ ಹೇಳ್ಬಾರದಿತ್ತಾ?”

“ಹೇಳಿದ್ರೆ ಅಳು ಬರ್ತಿತ್ತು. ಅಂಗಡಿ ತುಂಬಾ ಜನ ಅಳತೆ ಕೊಡ್ತಾ ನಿಂತಿದ್ರು.”

ಆಮೇಲೆ ಒಂಬತ್ತು ಸಂಜೆ ಅವನು ಬಂದ. ಮುದುಕಿಗೆ ನಡಿಗೆ ಬೇಕೆಂದು ಡಾಕ್ಟರು ಹೇಳಿದ್ದಾರಂತೆ.

“ನಮ್ಮ ಅಂಗಡಿ ಅಡ್ರೆಸ್ಸೂ ಅವರೇ ಬರ್ಕೊಟ್ರಾ?” ಅಂದಳು ಚಿಕ್ಕಮ್ಮ.

ಮೂರೇ ಕೂದಲಿನ ಕುಂಚದಲ್ಲಿ ಚಿತ್ರಗಾರ್ತಿ ನಾಯಿಯ ಕಣ್ಣೊಳಗೆ ಜಡೆ ಬರೆದಳು, ಬಾಗಿದ ಭುಜ ಬರೆದಳು. “ಫೋಟೋ ತೆಗೆಯೋವಾಗ ಉಸಿರು ಬಿಗಿಹಿಡೀತಿದ್ಳು,” ಎಂದ ಅವನು. “ಈಗ ನೀವು ಹಿಡಿದಿದ್ದೀರಲ್ಲ, ಹಾಗೆ.” ಹೇಳಿದವನೇ ಮುಖ ತಿರುಗಿಸಿದ.

ಆರನೆಯ ಸಂಜೆ ಅವಳ ಕನ್ನಡಕ ಮತ್ತೆ ಮತ್ತೆ ಜಾರಿತು. “ಕೊಡಿ ಇಲ್ಲಿ. ಇಷ್ಟು ದಿನದಿಂದ ನೋಡ್ತಿದ್ದೀನಿ, ಜೀವ ತಡೀತಿಲ್ಲ.” ಸ್ಕ್ರೂ ಬಿಗಿಮಾಡಿ, ತಾನೇ ಅವಳ ಕಿವಿಗೆ ಏರಿಸಿದ. ಬೆರಳು ಅಲ್ಲೇ ಒಂದು ಗಳಿಗೆ ನಿಂತಿತು. ಮರೆತದ್ದೇನೋ ನೆನಪಾದಂತೆ ಕೈ ಹಿಂದೆಗೆದ.

ತಾನು ಮನಸ್ಸಿಟ್ಟವನಿಗೆ ಅವನ ಮನಸ್ಸಿನಲ್ಲಿರುವವಳನ್ನು ಬರೆದುಕೊಡುತ್ತಿದ್ದೇನೆ ಎಂಬುದು ಅವಳಿಗೆ ಆ ಸಂಜೆ ಗೊತ್ತಾಯಿತು. ಕುಂಚ ಎತ್ತಿಕೊಂಡು ಜಡೆಯ ತುದಿ ಮುಗಿಸಿದಳು.

ಚಿತ್ರ ಮುಗಿದ ದಿನ ಅವನು ಮಧ್ಯಾಹ್ನವೇ ಬಂದ. ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದ. ಹೊಲಿಗೆ ಮೆಷಿನ್ ಕೂಡ ನಿಂತಿತ್ತು.

“ಬಂದಳು,” ಅಂದ.

ಆಮೇಲೆ, ಚಿತ್ರಕ್ಕೆ ಕಾಗದ ಸುತ್ತುತ್ತಾ, “ನಾಳೆ ಅಕ್ಕನ ಊರಿಗೆ ಹೋಗ್ತಿದ್ದೀನಿ. ಇನ್ನು ಅಂಗಡಿ ಅಲ್ಲೇ,” ಎಂದ.

“ಹೋಗಲೇಬೇಕಾ?”

ಅವಳು ಕೇಳಿದ್ದು ಅಷ್ಟೇ. ಹೇಳಬೇಕಾದದ್ದೆಲ್ಲ ಅದರಲ್ಲೇ ಇತ್ತು. ಅವನಿಗೆ ಅರ್ಥವಾಯಿತು. ಬಗ್ಗಿ ನಾಯಿಯ ಕಿವಿ ಸವರಿದ.

“ಹೋಗ್ಬೇಕು.”

“ಹಾಗಾದ್ರೆ ಮುದುಕಿದೊಂದು ಫೋಟೋ ತಗೊಳ್ತೀನಿ. ಬೋರ್ಡಿಗೆ ಬೇಕು.”

ಬಾಗಿಲ ಬಿಸಿಲಲ್ಲಿ ಫೋನ್ ಹಿಡಿದು ಅವಳು ನಾಯಿಯೆದುರು ಕುಕ್ಕರಿಸಿದಳು. ಬೆನ್ನ ಹಿಂದೆ ನಿಂತು ಅವನು, “ಮುದುಕೀ, ಇಲ್ನೋಡು,” ಎಂದು ಕರೆದ. ಫೋಟೋ ಬಂತು. ಅವರು ಹೋದರು.

“ನಾನೇ ಏನೇನೋ ಕಲ್ಪಿಸಿಕೊಂಡೆ, ಚಿಕ್ಕಮ್ಮ.”

“ಅಳೋದಾದ್ರೆ ಒಳಗೆ ಬಾ ಮಗಾ. ಅಲ್ಲಿ ಬಣ್ಣ ಕದಡುತ್ತೆ.”

ಮರುದಿನ ಬೆಳಿಗ್ಗೆ ಆ ಫೋಟೋ ತೆರೆದು, ಈಗ ಅಂಟಿಕೊಂಡ ಚಾಳಿಯಂತೆ, ನಾಯಿಯ ಕಣ್ಣನ್ನು ಬೆರಳಲ್ಲಿ ಹಿಗ್ಗಿಸಿ ದೊಡ್ಡದು ಮಾಡಿದಳು. ಕುಕ್ಕರಗಾಲಲ್ಲಿ ಕೂತ ಹೆಂಗಸು. ಹಿಂದೆ ನಿಂತ ಗಂಡಸು. ಅವನು ನಾಯಿಯನ್ನು ನೋಡುತ್ತಿರಲಿಲ್ಲ. ಕತ್ತು ಬಗ್ಗಿಸಿ ಅವಳ ನೆತ್ತಿಯನ್ನು ನೋಡುತ್ತಿದ್ದ. ಒಂದು ಕೈ ಅವಳ ತಲೆಯ ಮೇಲೆ, ಮುಟ್ಟದೆ, ಗೇಣು ದೂರದಲ್ಲಿ ನಿಂತಿತ್ತು.

ಅವನ ನಂಬರ್ ಇತ್ತು. ಅವಳು ಒತ್ತಲಿಲ್ಲ. ಮುಟ್ಟದೆ ಹೋದವನ ಕೈಯನ್ನು ಎಳೆದು ತರುವುದು ಹೇಗೆ?

ಬೋರ್ಡಿನ ಮೇಲೆ ಮುದುಕಿಯನ್ನು ಬರೆದಳು. ಈ ಸಲ ಕಣ್ಣಿನಿಂದ ಏನನ್ನೂ ಗುಡಿಸಲಿಲ್ಲ; ಇಬ್ಬರನ್ನೂ ಅಲ್ಲೇ ಉಳಿಸಿದಳು.

ಈಗ ಗಿರಾಕಿಗಳು ಬರುತ್ತಾರೆ. ಬೋರ್ಡು ನೋಡಿ, “ಕಣ್ಣಲ್ಲಿ ಆ ಬಿಳಿ ಚುಕ್ಕೆ ಎಷ್ಟು ಚೆಂದ ಇಟ್ಟಿದ್ದೀರಿ!” ಅನ್ನುತ್ತಾರೆ.

“ಹ್ಞೂಂ,” ಎಂದು ಅವಳು ಕನ್ನಡಕ ಮೇಲೇರಿಸಿಕೊಳ್ಳಲು ಕೈ ಎತ್ತುತ್ತಾಳೆ. ಅದು ಈಗ ಜಾರುವುದಿಲ್ಲ.