ಹದಿನೇಳನೇ ಕೊಳವೆಯ ಮಣ್ಣು

1972ರ ಜನವರಿ 18, ಮಂಗಳವಾರ. ಬೆಳಿಗ್ಗೆ 10-20ಕ್ಕೆ ಹಲಸೂರು ಠಾಣೆಗೆ ಬಂದ ದೂರನ್ನು ಇನ್‌ಸ್ಪೆಕ್ಟರ್ ವೆಂಕಟಾಚಲ ಎರಡು ಸಲ ಓದಿದರು. ಇಂದಿರಾನಗರದ ಭೂವಿಜ್ಞಾನ ಕಚೇರಿಯೊಂದರ ಮುಖ್ಯಸ್ಥ ಶ್ರೀನಿವಾಸಮೂರ್ತಿಯವರ ಬೀರುವಿನಿಂದ ಒಂದು ಗಾಜಿನ ಕೊಳವೆ ಕಳವಾಗಿತ್ತು. ಒಳಗಿದ್ದದ್ದು ಬರೀ ಮಣ್ಣು.

ಎಫ್‌ಐಆರ್ ದಾಖಲಿಸಿ, ಹೆಡ್‌ಕಾನ್‌ಸ್ಟೇಬಲ್ ಇನಾಯತ್ ಉಲ್ಲಾರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಪಂಚನಾಮೆಯಾಯಿತು. ಬೀಗ ಮುರಿದಿರಲಿಲ್ಲ. ನಲವತ್ತು ಕೊಳವೆಗಳಲ್ಲಿ ಹದಿನೇಳನೆಯದು ಮಾತ್ರ ಇರಲಿಲ್ಲ.

ಕಾಶ್ಮೀರದ ಹಿಮನದಿಗಳು ಬಂಡೆಯನ್ನು ಹಿಟ್ಟಿನಂತೆ ಅರೆಯುತ್ತವೆ, ಆ ಧೂಳನ್ನು ಗಾಳಿ ಹೊತ್ತು ತಂದು ಸುರಿಯುತ್ತದೆ, ಒಂದು ಗೇಣು ಏರಲು ಸಾವಿರಾರು ವರ್ಷ ಹಿಡಿಯುವುದೂ ಉಂಟು ಎಂದು ಮೂರ್ತಿಯವರು ವಿವರಿಸಿದರು. ಅಲ್ಲಿ ಗುಂಡಿ ತೋಡಿ ತೆಗೆದ ಮಣ್ಣು, ಒಂದೊಂದು ಕೊಳವೆಯಲ್ಲಿ ಒಂದೊಂದು ಪದರ.

“ಬೇರೆಯವ್ರಿಗೆ ಇದ್ರಿಂದ ಏನ್ರೀ ಉಪಯೋಗ?”

“ಯಾರಿಗೂ ಇಲ್ಲ.”

ಹಾಗಾದರೆ ಹದಿನೇಳನೆಯದೇ ಏಕೆ? ವೆಂಕಟಾಚಲ ಕ್ಷೇತ್ರಕಾರ್ಯದ ದಿನಚರಿ ತರಿಸಿದರು. ಆ ಕೊಳವೆ ತುಂಬಿದ್ದು 1970ರ ಸೆಪ್ಟೆಂಬರ್ 12ರಂದು. ಮುಂದಿನ ಸಾಲು: ‘ಗುಂಡಿಯ ಗೋಡೆ ಕುಸಿತ. ಎರಡು ದಿನ ಕೆಲಸವಿಲ್ಲ.’ ಅಷ್ಟೇ. ಇನಾಯತ್ ಉಲ್ಲಾ ಹಾಜರಿ ಪುಸ್ತಕ ತಿರುವಿದರು. ಇಲ್ಲಿಂದ ಅಗೆಯಲು ಹೋಗಿದ್ದ ರಾಮಯ್ಯನ ಹಾಜರಿ ಅದೇ ದಿನ ನಿಂತಿತ್ತು. ಕಚೇರಿಯ ಬೀಗದ ಕೈಗಳನ್ನು ಇಟ್ಟುಕೊಳ್ಳುತ್ತಿದ್ದ ಜವಾನ ಚಿಕ್ಕಮುನಿಯಪ್ಪ ಅವನ ಅಣ್ಣ. ಸೋಮವಾರದಿಂದ ರಜೆ.

ಮಧ್ಯಾಹ್ನ 3-45ಕ್ಕೆ ಕೆ.ಆರ್. ಪುರದಾಚೆಯ ಅವನ ಹಳ್ಳಿ ತಲುಪಿದರು. ಊರ ಸ್ಮಶಾನದಲ್ಲಿ ಮೊಣಕೈಯುದ್ದದ ಹೊಸ ಗುಡ್ಡೆ, ಮೇಲೆ ಕನಕಾಂಬರ. ಪಕ್ಕದಲ್ಲಿ ತಾಯಿ ದೊಡ್ಡಮುನಿಯಮ್ಮ ಕೂತಿದ್ದಳು. ಚಿಕ್ಕಮುನಿಯಪ್ಪ ಓಡಲಿಲ್ಲ.

“ಕೊಳವೆ ನೀನೇ ತಗೊಂಡ್ಯಾ?”

“ಹೌದು ಸಾರ್.”

“ಯಾಕೆ?”

“ತಮ್ಮನ್ನ ಅಲ್ಲೇ ಹೂತ್ಬಿಟ್ರು. ಅಮ್ಮ ಮುಖಾನೂ ನೋಡ್ಲಿಲ್ಲ. ಅವನ ಮೇಲೆ ಬಿದ್ದ ಮಣ್ಣಲ್ಲಿ ಒಂದ್ ಹಿಡಿ ಕೊಡಿ ಅಂತ ಒಂದು ವರ್ಷ ಕೇಳ್ದೆ. ನಂಬರ್ ಹಾಕಿರೋ ಮಣ್ಣು, ಕೊಡಕ್ಕಾಗಲ್ಲ ಅಂದ್ರು.”

4-10ಕ್ಕೆ ಬಂಧನ. ಮಾಲು ಜಪ್ತಿಯಾಗಲೇಬೇಕಿತ್ತು. ಗುಡ್ಡೆ ಬಿಡಿಸಿದಾಗ ಕೆಂಪು ಮಣ್ಣಿನ ನಡುವೆ ಹಳದಿ ಧೂಳು ಕಂಡಿತು. ಇನಾಯತ್ ಉಲ್ಲಾ ಚಪ್ಪಲಿ ಬಿಟ್ಟು ಕೂತು, ಬರಿಗೈಯಲ್ಲಿ ಅದನ್ನು ಕಾಗದಕ್ಕೆ ತುಂಬಿದರು.

“ಇದನ್ನೂ ತಗೊಂಡ್ಹೋಗ್ತೀರಾ ಸ್ವಾಮಿ?” ಎಂದಳು ಮುದುಕಿ.



ಸಂಜೆ ಮೂರ್ತಿಯವರು ಠಾಣೆಗೆ ಬಂದು ಪೊಟ್ಟಣ ಬಿಚ್ಚಿ ನೋಡಿದರು. ಕೆಂಪು ಮಣ್ಣು ಬೆರೆತಿದೆ, ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದರು. ವೆಂಕಟಾಚಲ ಅದಕ್ಕೆ ಅರಗಿನ ಮುದ್ರೆ ಒತ್ತಿಸಿ, ಕೇಸು ಮುಗಿಯುವವರೆಗೆ ಠಾಣೆಯಲ್ಲೇ ಇರಲೆಂದು ಒಳಗಿಡಿಸಿದರು.